ನಾಲ್ಕರಲ್ಲಿ ಮೂರೂವರೆ ಬಾಕಿ: ಗ್ಯಾಲಡೆಟ್‌ನ ಎಂಟು ದಿನ

1988ರ ಮಾರ್ಚ್ 6, ಭಾನುವಾರ ಸಂಜೆ. ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ಗ್ಯಾಲಡೆಟ್ ವಿಶ್ವವಿದ್ಯಾಲಯದ ಗೇಟಿನ ಹತ್ತಿರ ಜನ ಸೇರಿದ್ದರು. ವಿದ್ಯಾರ್ಥಿಗಳು, ಮೇಷ್ಟ್ರುಗಳು, ಅಲ್ಲೇ ಓದಿ ಹೋದ ಹಳಬರು. ಹೊಸ ಅಧ್ಯಕ್ಷರು ಯಾರು ಅಂತ ಅವತ್ತು ಗೊತ್ತಾಗಬೇಕಿತ್ತು. ಆಡಳಿತ ಮಂಡಳಿಯವರು ಬಂದು ಎದುರಿಗೆ ನಿಂತು ಹೇಳುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಯಾರೂ ಬರಲಿಲ್ಲ. ಕೈಗೆ ಸಿಕ್ಕಿದ್ದು ಒಂದು ಪತ್ರಿಕಾ ಪ್ರಕಟಣೆ. ಅದರಲ್ಲಿ ಎಲಿಜಬೆತ್ ಝಿನ್ಸರ್ ಅನ್ನೋ ಹೆಸರಿತ್ತು. ಗ್ಯಾಲಡೆಟ್‌ಗೆ ಮೊದಲ ಮಹಿಳಾ ಅಧ್ಯಕ್ಷೆ ಅನ್ನೋ ಹೆಮ್ಮೆಯೂ ಇತ್ತು.

ಝಿನ್ಸರ್ ಅವರಿಗೆ ಕಿವಿ ಕೇಳುತ್ತಿತ್ತು. ಸನ್ನೆ ಭಾಷೆ ಬರುತ್ತಿರಲಿಲ್ಲ. ಗ್ಯಾಲಡೆಟ್ ಇರುವುದೇ ಕಿವುಡ ವಿದ್ಯಾರ್ಥಿಗಳಿಗೆ. ಅಂತಿಮ ಪಟ್ಟಿಯಲ್ಲಿದ್ದ ಇನ್ನಿಬ್ಬರೂ ಕಿವುಡರೇ ಆಗಿದ್ದರು.

ಕೆಲವರು ಆ ಕಾಗದಕ್ಕೆ ಬೆಂಕಿ ಹಚ್ಚಿದರು. ಆಮೇಲೆ ಗುಂಪು ರಸ್ತೆಗಿಳಿಯಿತು, ಮಂಡಳಿಯವರು ಇಳಿದುಕೊಂಡಿದ್ದ ಮೇಫ್ಲವರ್ ಹೋಟೆಲಿನ ಕಡೆ ನಡೆದೇ ಹೊರಟಿತು. ಮುಂದಿನ ಭಾನುವಾರದ ಹೊತ್ತಿಗೆ ಝಿನ್ಸರ್ ಇರಲಿಲ್ಲ, ಮಂಡಳಿಯ ಮುಖ್ಯಸ್ಥೆಯೂ ಇರಲಿಲ್ಲ, 124 ವರ್ಷದಲ್ಲಿ ಮೊದಲ ಸಲ ಒಬ್ಬ ಕಿವುಡ ವ್ಯಕ್ತಿ ಆ ಕುರ್ಚಿಗೆ ಬಂದಿದ್ದರು. 'ಡೆಫ್ ಪ್ರೆಸಿಡೆಂಟ್ ನೌ' ಅಂತ ಕರೆಯುವ ಹೋರಾಟ ಇದೇ.

ಈ ಕಥೆಯನ್ನು ಸಾಮಾನ್ಯವಾಗಿ ಗೆದ್ದವರ ಕಡೆಯಿಂದ ಹೇಳುತ್ತಾರೆ. ತಪ್ಪೇನಿಲ್ಲ, ಚೆನ್ನಾಗಿಯೂ ಇರುತ್ತದೆ. ಆದರೆ ನನಗೆ ಕುತೂಹಲ ಇರುವುದು ಸೋತವರ ಬಗ್ಗೆ. ಮಂಡಳಿಯಲ್ಲಿ ಇದ್ದವರು ದಡ್ಡರಲ್ಲ, ಕೆಟ್ಟವರೂ ಅಲ್ಲ. ಹಾಗಿದ್ದರೂ ಒಂದೇ ವಾರದಲ್ಲಿ ಎಲ್ಲವನ್ನೂ ಕಳೆದುಕೊಂಡರು. ಹೇಗೆ? ತಪ್ಪು ಅಭ್ಯರ್ಥಿಯನ್ನು ಆರಿಸಿದ್ದು ಒಂದು ಕಾರಣ, ಸರಿ. ಅದಕ್ಕಿಂತ ದೊಡ್ಡ ಕಾರಣ, ತಾವು ನಡೆಸುತ್ತಿದ್ದ ಸಂಸ್ಥೆಯ ಭಾಷೆಯೇ ಅವರಿಗೆ ಬರುತ್ತಿರಲಿಲ್ಲ ಅನ್ನುವುದು. ಆ ಎಂಟು ದಿನದ ಒಂದೊಂದು ಎಡವಟ್ಟನ್ನೂ ಕೆದಕಿ ನೋಡಿ, ಅಡಿಯಲ್ಲಿ ಇದೇ ಸಿಗುತ್ತದೆ.

ಒಂದು ಪದದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ 'ಕಿವುಡ' ಅಂದರೆ ಬೈದ ಹಾಗೆ ಕೇಳಿಸುತ್ತದೆ, ಅದಕ್ಕೇ ನಾವು 'ಶ್ರವಣದೋಷವುಳ್ಳವರು' ಅಂತ ಸುತ್ತಿ ಬಳಸಿ ಹೇಳುತ್ತೇವೆ. ಆದರೆ ಈ ಕಥೆಯ ಜನ ತಮ್ಮಲ್ಲಿ ದೋಷ ಇದೆ ಅನ್ನೋದನ್ನೇ ಒಪ್ಪದವರು. ಹಾಗಾಗಿ ಸುಮ್ನೆ ಕಿವುಡರು ಅಂತಲೇ ಬರೆಯುತ್ತೇನೆ.

ಅಲ್ಲಿಯವರೆಗೆ ಏನಾಗಿತ್ತು

ಅಮೆರಿಕದಲ್ಲಿ ಕಿವುಡ ಮಕ್ಕಳ ಶಾಲೆ ನೆಲೆಯೂರಿದ್ದು 1817ರಲ್ಲಿ, ಹಾರ್ಟ್‌ಫರ್ಡ್‌ನಲ್ಲಿ. ಕಟ್ಟಿದವರಲ್ಲಿ ಮುಖ್ಯರಾದವರು ಇಬ್ಬರು. ಒಬ್ಬರು ಥಾಮಸ್ ಹಾಪ್‌ಕಿನ್ಸ್ ಗ್ಯಾಲಡೆಟ್, ಕಿವಿ ಕೇಳುವವರು. ಇನ್ನೊಬ್ಬರು ಲೋರಾಂ ಕ್ಲೆರ್ಕ್, ಫ್ರಾನ್ಸಿನಿಂದ ಬಂದ ಕಿವುಡ ಮೇಷ್ಟ್ರು. ಕ್ಲೆರ್ಕ್ ತಂದ ಫ್ರೆಂಚ್ ಸನ್ನೆಗಳು, ಅಲ್ಲಿನ ಮಕ್ಕಳು ಮನೆಯಿಂದ ಊರಿಂದ ತಂದ ಸನ್ನೆಗಳು, ಎರಡೂ ಬೆರೆತು ಬೆಳೆದದ್ದೇ ಇವತ್ತಿನ ಅಮೆರಿಕನ್ ಸನ್ನೆ ಭಾಷೆ. ಗ್ಯಾಲಡೆಟ್ ಅವರು ಮದುವೆಯಾದದ್ದು ಸೋಫಿಯಾ ಫೌಲರ್ ಅನ್ನೋ ಕಿವುಡ ವಿದ್ಯಾರ್ಥಿನಿಯನ್ನು. ಅವರ ಮಗ ಎಡ್ವರ್ಡ್ ಮೈನರ್ ಗ್ಯಾಲಡೆಟ್ ಅಮ್ಮನ ಕೈಯಿಂದಲೇ ಆ ಭಾಷೆ ಕಲಿತವನು. 1857ರಲ್ಲಿ ವಾಷಿಂಗ್ಟನ್‌ನಲ್ಲಿ ಹೊಸ ಶಾಲೆ ಶುರುವಾದಾಗ ಅದನ್ನು ನೋಡಿಕೊಳ್ಳೋಕೆ ಹೋದಾಗ ಅವನಿಗೆ ಬರೀ 20 ವರ್ಷ. 1864ರ ಏಪ್ರಿಲ್‌ನಲ್ಲಿ ಲಿಂಕನ್ ಒಂದು ಕಾಯ್ದೆಗೆ ಸಹಿ ಹಾಕಿದರು, ಆ ಶಾಲೆಗೆ ಪದವಿ ಕೊಡುವ ಅಧಿಕಾರ ಬಂತು. ಅದೇ ಮುಂದೆ ಗ್ಯಾಲಡೆಟ್ ವಿಶ್ವವಿದ್ಯಾಲಯ ಆಯಿತು.

1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇರಿದ್ದವರು 164 ಜನ, ಅವರಲ್ಲಿ ಕಿವುಡರು ಒಬ್ಬರೇ. ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿ ಮಾತನ್ನೇ ಕಲಿಸಬೇಕು ಅಂತ ಅಲ್ಲಿ ನಿರ್ಣಯ ಆಯಿತು. ಮುಂದಿನ ಸುಮಾರು ನೂರು ವರ್ಷ, ದೇಶ ದೇಶಗಳಲ್ಲಿ, ಮಕ್ಕಳ ಕೈ ಕಟ್ಟಿಸಿ ಕೂರಿಸಿ ತುಟಿ ನೋಡಿ ಅರ್ಥ ಮಾಡಿಕೊಳ್ಳೋದನ್ನು ಕಲಿಸಿದರು. ಸನ್ನೆ ಮಾಡಿದ ಕೈಗೆ ಏಟು ಬೀಳುತ್ತಿದ್ದ ಶಾಲೆಗಳು ಎಷ್ಟೋ. ಆ ಸಮ್ಮೇಳನದ ವಾರಸುದಾರರು 2010ರಲ್ಲಿ ವ್ಯಾಂಕೂವರ್‌ನಲ್ಲಿ ವಿಷಾದ ಹೇಳಿದರು. 130 ವರ್ಷ ಬೇಕಾಯಿತು. ಎಡ್ವರ್ಡ್ ಗ್ಯಾಲಡೆಟ್ ಮಿಲಾನ್‌ನಲ್ಲಿ ಈ ನಿರ್ಣಯವನ್ನು ವಿರೋಧಿಸಿದ ನಾಲ್ಕಾರು ಜನರಲ್ಲಿ ಒಬ್ಬರು. ಹೊರಗೆಲ್ಲ ಸನ್ನೆಗೆ ಬಾಗಿಲು ಹಾಕಿದ್ದ ಕಾಲದಲ್ಲಿ ಅವರ ಕಾಲೇಜಿನಲ್ಲಿ ಅದು ಉಸಿರಾಡಿಕೊಂಡಿತ್ತು.

ಆದರೆ ಆ ಕಾಲೇಜಿನಲ್ಲೂ ಅದನ್ನು ಭಾಷೆ ಅಂತ ಯಾರೂ ಕರೆಯುತ್ತಿರಲಿಲ್ಲ. ಕೈ ಬೀಸಿ ಮಾಡುವ ಮೂಕಾಭಿನಯ, ಮುರುಕು ಇಂಗ್ಲಿಷ್, ಇಷ್ಟೇ. 1955ರಲ್ಲಿ ಅಲ್ಲಿಗೆ ಇಂಗ್ಲಿಷ್ ಕಲಿಸೋಕೆ ವಿಲಿಯಂ ಸ್ಟೋಕಿ ಬಂದರು. ಸನ್ನೆ ಅಷ್ಟಕ್ಕಷ್ಟೇ ಬರುತ್ತಿದ್ದ, ಕಿವಿ ಕೇಳುವ ಮೇಷ್ಟ್ರು. ಸಹೋದ್ಯೋಗಿಗಳು ನಗುತ್ತಿದ್ದರೂ ಬಿಡದೆ ಕೂತು ಸನ್ನೆಗಳನ್ನು ಬಿಡಿಸಿ ನೋಡಿದರು. 1960ರಲ್ಲಿ ಬರೆದರು: ಬಾಯಿ ಮಾತಿನ ಪದ ಸಣ್ಣ ಸಣ್ಣ ದನಿಗಳಿಂದ ಆಗುವ ಹಾಗೆ, ಸನ್ನೆಯೂ ಸಣ್ಣ ಭಾಗಗಳಿಂದ ಆಗುತ್ತದೆ. ಕೈ ಯಾವ ಆಕಾರದಲ್ಲಿದೆ, ಎಲ್ಲಿದೆ, ಹೇಗೆ ಚಲಿಸುತ್ತದೆ. ಒಂದು ಉದಾಹರಣೆ ಸಾಕು. ಐದೂ ಬೆರಳು ಬಿಡಿಸಿ ಹೆಬ್ಬೆರಳನ್ನು ಹಣೆಗೆ ತಾಗಿಸಿದರೆ ಅಮೆರಿಕನ್ ಸನ್ನೆ ಭಾಷೆಯಲ್ಲಿ ಅಪ್ಪ. ಅದೇ ಕೈ, ಅದೇ ಹೆಬ್ಬೆರಳು, ಗದ್ದಕ್ಕೆ ತಾಗಿಸಿದರೆ ಅಮ್ಮ. ಜಾಗ ಒಂದು ಬದಲಾಯಿತು, ಪದವೇ ಬದಲಾಯಿತು. ನಮ್ಮ 'ಕಲ್ಲು' 'ಹಲ್ಲು' ಇದ್ದ ಹಾಗೆ, ಒಂದೇ ಒಂದು ದನಿ ಬೇರೆ ಅಷ್ಟೆ. 1965ರಲ್ಲಿ ಸ್ಟೋಕಿ, ಡೊರೊತಿ ಕ್ಯಾಸ್ಟರ್‌ಲೈನ್ ಮತ್ತು ಕಾರ್ಲ್ ಕ್ರೋನ್‌ಬರ್ಗ್ ಅನ್ನೋ ಇಬ್ಬರು ಕಿವುಡ ಸಹೋದ್ಯೋಗಿಗಳ ಜೊತೆ ಸೇರಿ ಒಂದು ನಿಘಂಟನ್ನೂ ತಂದರು.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, 1988ರಲ್ಲಿ ಗೇಟಿನ ಹತ್ತಿರ ನಿಂತಿದ್ದವರು ಸ್ಟೋಕಿ ಆದಮೇಲೆ ಹುಟ್ಟಿ ಬೆಳೆದ ಹುಡುಗರು. ತಮ್ಮ ಕೈಯಲ್ಲಿರುವುದು ಒಂದು ಪೂರ್ತಿ ಭಾಷೆ ಅಂತ ಅವರಿಗೆ ಗೊತ್ತಿತ್ತು. ಮಂಡಳಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಅದು ಅಷ್ಟು ಮುಖ್ಯ ಅನ್ನಿಸಿರಲಿಲ್ಲ.

ಮಾರ್ಚ್ 1ರ ಎಚ್ಚರಿಕೆ

ಈ ಹೋರಾಟ ದಿಢೀರ್ ಅಂತ ಹುಟ್ಟಿತು ಅಂತ ಹಲವರು ನಂಬಿದ್ದಾರೆ. ಇಲ್ಲ. ಹಿಂದಿನ ಅಧ್ಯಕ್ಷರು 1987ರಲ್ಲಿ ರಾಜೀನಾಮೆ ಕೊಟ್ಟಾಗಿನಿಂದಲೇ ಈ ಸಲವಾದರೂ ಕಿವುಡರೊಬ್ಬರು ಬರಬೇಕು ಅನ್ನೋ ಮಾತು ನಡೆದಿತ್ತು. ಅಮೆರಿಕದ ದೊಡ್ಡ ದೊಡ್ಡ ರಾಜಕಾರಣಿಗಳೇ, ಆಗ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಕೂಡ, ಕಿವುಡರನ್ನೇ ಆರಿಸಿ ಅಂತ ಮಂಡಳಿಗೆ ಪತ್ರ ಬರೆದಿದ್ದರು. ಹಳೆ ವಿದ್ಯಾರ್ಥಿಗಳ ಒಂದು ಸಣ್ಣ ಗುಂಪು ಮಾರ್ಚ್ 1ಕ್ಕೆ ಸಭೆ ಇಟ್ಟುಕೊಂಡಿತು, ಕಾಲೇಜಿನ ಫುಟ್‌ಬಾಲ್ ಮೈದಾನದಲ್ಲಿ.

ಆ ಮೈದಾನದ ಬಗ್ಗೆ ಒಂದು ಅಡ್ಡ ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಟದ ಮಧ್ಯೆ ಆಟಗಾರರು ತಲೆ ತಲೆ ಸೇರಿಸಿ ದುಂಡಗೆ ನಿಲ್ಲುತ್ತಾರಲ್ಲ, ಅದು ಶುರುವಾದದ್ದೇ ಗ್ಯಾಲಡೆಟ್‌ನಿಂದ ಅಂತ ಹೇಳುತ್ತಾರೆ. 1890ರ ದಶಕದಲ್ಲಿ ಪಾಲ್ ಹಬ್ಬರ್ಡ್ ಅನ್ನೋ ಆಟಗಾರ, ಎದುರು ಪಕ್ಷದವರು ತನ್ನ ಸನ್ನೆ ಓದಿಬಿಡಬಾರದು ಅಂತ ತನ್ನವರನ್ನು ಸುತ್ತ ನಿಲ್ಲಿಸಿಕೊಂಡು ಉಪಾಯ ಹೇಳುತ್ತಿದ್ದನಂತೆ. ದೂರದಿಂದಲೇ ಓದಬಹುದಾದ ಭಾಷೆಯಲ್ಲಿ ಗುಟ್ಟು ಹೇಳೋದು ಕಷ್ಟ ನೋಡಿ.

ಸಭೆಗೆ ಸಾವಿರಕ್ಕೂ ಜಾಸ್ತಿ ಜನ ಬಂದರು. ಹಂಚಿದ ಕರಪತ್ರದ ಬುದ್ಧಿವಂತಿಕೆ ನನಗೆ ಇವತ್ತಿಗೂ ಇಷ್ಟ. ಕಣ್ಣೀರಿಲ್ಲ, ಬೈಗುಳ ಇಲ್ಲ. ಬರೀ ಇಸವಿಗಳ ಪಟ್ಟಿ. ವೆಲ್ಸ್‌ಲಿ ಮಹಿಳಾ ಕಾಲೇಜಿಗೆ ಮಹಿಳೆ ಅಧ್ಯಕ್ಷೆ ಆಗಿದ್ದು 1875ರಲ್ಲಿ. ಕಪ್ಪು ಜನರಿಗಾಗಿ ಕಟ್ಟಿದ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಕಪ್ಪು ಅಧ್ಯಕ್ಷ ಬಂದದ್ದು 1926ರಲ್ಲಿ. ಇದು 1988, ಗ್ಯಾಲಡೆಟ್‌ನ ಸರದಿ. ಅಷ್ಟೇ.

ಅಂದರೆ ಮಂಡಳಿಗೆ ಪೂರ್ತಿ ಐದು ದಿನದ ಸೂಚನೆ ಇತ್ತು. 21 ಜನರ ಮಂಡಳಿಯಲ್ಲಿ ಕಿವುಡರು ನಾಲ್ಕೇ ಜನ. ಉಳಿದವರಲ್ಲಿ ಹೆಚ್ಚಿನವರು ಆ ಮೈದಾನಕ್ಕೆ ಹೋಗಿದ್ದರೂ ಕೈಗಳು ಏನು ಹೇಳುತ್ತಿವೆ ಅಂತ ದುಭಾಷಿ ಇಲ್ಲದೆ ತಿಳಿಯುತ್ತಿರಲಿಲ್ಲ.

ಗೇಟು, ಬಸ್ಸು, ಗಂಟೆ

ಭಾನುವಾರ ರಾತ್ರಿ ಮೇಫ್ಲವರ್ ಹೋಟೆಲಿನ ಮುಂದೆ ಜನ ಸೇರಿದಾಗ, ಮಂಡಳಿಯ ಮುಖ್ಯಸ್ಥೆ ಜೇನ್ ಬ್ಯಾಸೆಟ್ ಸ್ಪಿಲ್ಮನ್ ಕೆಲವು ಪ್ರತಿನಿಧಿಗಳನ್ನು ಒಳಗೆ ಕರೆದು ಮಾತಾಡಿದರು. ಅಲ್ಲಿಂದ ಹೊರಬಂದ ಒಂದು ವಾಕ್ಯ ಊರೆಲ್ಲ ಹಬ್ಬಿತು: ಕೇಳುವವರ ಲೋಕದಲ್ಲಿ ಕೆಲಸ ಮಾಡೋಕೆ ಕಿವುಡರು ಇನ್ನೂ ತಯಾರಾಗಿಲ್ಲ ಅಂತ ಅವರು ಹೇಳಿದರು ಅನ್ನೋದು. ತಾನು ಹಾಗೆ ಹೇಳೇ ಇಲ್ಲ, ದುಭಾಷಿ ತಪ್ಪಾಗಿ ಹೇಳಿದ್ದು ಅಂತ ಸ್ಪಿಲ್ಮನ್ ಕೊನೆವರೆಗೂ ಹೇಳಿದರು. ಇರಬಹುದು. ಅವರ ಮಾತನ್ನು ನಂಬೋಣ. ಆದರೆ ಆಗಲೂ ಪ್ರಶ್ನೆ ಉಳಿಯುತ್ತದಲ್ಲ, ವರ್ಷಗಟ್ಟಲೆ ಆ ಮಂಡಳಿಯಲ್ಲಿ ಕೂತವರಿಗೆ ಆ ರಾತ್ರಿ ದುಭಾಷಿ ಯಾಕೆ ಬೇಕಾಯಿತು? ತಮ್ಮ ಕೈಯಿಂದ ತಾವೇ ಒಂದು ವಾಕ್ಯ ಹೇಳಿದ್ದರೆ ಅನುವಾದದ ಜಗಳವೇ ಹುಟ್ಟುತ್ತಿರಲಿಲ್ಲ.

ಸೋಮವಾರ ಬೆಳಗ್ಗೆ ಕ್ಯಾಂಪಸ್ಸಿನ ಗೇಟುಗಳು ಬಂದ್. ವಿದ್ಯಾರ್ಥಿಗಳು ಕಾಲೇಜಿನ ಬಸ್ಸುಗಳನ್ನು ಕೀಲಿ ಇಲ್ಲದೆ, ತಂತಿಗೆ ತಂತಿ ಕೂಡಿಸಿ ಸ್ಟಾರ್ಟ್ ಮಾಡಿ, ತಂದು ಗೇಟಿಗೆ ಅಡ್ಡ ನಿಲ್ಲಿಸಿ, ಟೈರಿನ ಗಾಳಿ ಬಿಟ್ಟಿದ್ದರು. ಈ ಕೊನೇ ಕೆಲಸ ಗಮನಿಸಿ. ಬಸ್ಸು ಅಡ್ಡ ನಿಲ್ಲಿಸಿದರೆ ಪೊಲೀಸರು ಪಕ್ಕಕ್ಕೆ ಓಡಿಸಬಹುದು. ಗಾಳಿ ಇಲ್ಲದ ಬಸ್ಸನ್ನು ಅಷ್ಟು ಸುಲಭಕ್ಕೆ ಕದಲಿಸೋಕೆ ಆಗೋದಿಲ್ಲ.

ಬೇಡಿಕೆ ನಾಲ್ಕು. ಝಿನ್ಸರ್ ಹೋಗಬೇಕು, ಕಿವುಡ ಅಧ್ಯಕ್ಷರು ಬರಬೇಕು, ಇದು ಮೊದಲನೆಯದು. ಸ್ಪಿಲ್ಮನ್ ರಾಜೀನಾಮೆ ಕೊಡಬೇಕು. ಮಂಡಳಿಯಲ್ಲಿ ನೂರಕ್ಕೆ 51ರಷ್ಟು ಕಿವುಡರಿರಬೇಕು. ಹೋರಾಟ ಮಾಡಿದ ಯಾರ ಮೇಲೂ ಸೇಡು ತೀರಿಸಿಕೊಳ್ಳಬಾರದು. ಎಷ್ಟೋ ಚಳವಳಿಗಳ ಬೇಡಿಕೆ ಪಟ್ಟಿ ನೋಡಿದ್ದೇನೆ, 'ಗೌರವ ಕೊಡಿ', 'ನ್ಯಾಯ ಕೊಡಿ' ಅಂತೆಲ್ಲ ಇರುತ್ತದೆ, ಕೊಟ್ಟರೋ ಇಲ್ಲವೋ ಅಂತ ಅಳೆಯೋದು ಹೇಗೆ? ಈ ನಾಲ್ಕನ್ನು ಬೆರಳು ಮಡಚಿ ಎಣಿಸಬಹುದಿತ್ತು.

ಮಂಡಳಿಯವರು ಸೋಮವಾರ ಮಧ್ಯಾಹ್ನ ಬಂದು ಪ್ರತಿನಿಧಿಗಳ ಜೊತೆ ಗಂಟೆಗಟ್ಟಲೆ ಕೂತರು. ನಾಲ್ಕಕ್ಕೂ ಇಲ್ಲ ಅಂದರು. ಆಮೇಲೆ ಎಲ್ಲರಿಗೂ ತಿಳಿಸೋಣ ಅಂತ ಒಳಾಂಗಣ ಕ್ರೀಡಾಂಗಣಕ್ಕೆ ಬಂದರು. ಸ್ಪಿಲ್ಮನ್ ಇನ್ನೂ ಬಾಯಿ ತೆಗೆಯುವ ಮೊದಲೇ ಹಾರ್ವೆ ಗುಡ್‌ಸ್ಟೈನ್ ಅನ್ನೋ ಕಿವುಡ ಗಣಿತದ ಪ್ರೊಫೆಸರ್ ವೇದಿಕೆ ಹತ್ತಿದರು. ಅವರು ಆ ಮಾತುಕತೆಯಲ್ಲಿ ಇದ್ದವರು. ಒಂದೂ ಒಪ್ಪಿಲ್ಲ, ಇಲ್ಲಿ ಕೂತು ಪ್ರಯೋಜನ ಇಲ್ಲ, ನಡೀರಿ ಅಂತ ಕೈಯಲ್ಲಿ ಹೇಳಿದರು. ಇಡೀ ಸಭೆಗೆ ಒಂದೇ ಕ್ಷಣದಲ್ಲಿ ತಲುಪಿತು. ಜನ ಎದ್ದು ಹೊರಟರು.

ಅಷ್ಟರಲ್ಲಿ ಯಾರೋ ಬೆಂಕಿಯ ಎಚ್ಚರಿಕೆ ಗಂಟೆ ಎಳೆದರು. ಗಂಟೆ ಕಿವಿ ಒಡೆಯುವ ಹಾಗೆ ಹೊಡೆದುಕೊಳ್ಳುತ್ತಿದೆ. ಕೂಗಾಟ ಬೇರೆ. ಮೈಕ್ ಮುಂದೆ ನಿಂತ ಸ್ಪಿಲ್ಮನ್, ಇಷ್ಟು ಗದ್ದಲದಲ್ಲಿ ಮಾತಾಡೋಕೆ ಆಗುವುದಿಲ್ಲ ಅನ್ನೋ ಅರ್ಥದಲ್ಲಿ ಏನೋ ಹೇಳಿದರು. ದುಭಾಷಿ ಅದನ್ನು ಸನ್ನೆಗೆ ತಿರುಗಿಸಿದರು. ಎದುರಿಗಿದ್ದ ವಿದ್ಯಾರ್ಥಿಗಳು ಕೇಳಿದರು: ಯಾವ ಗದ್ದಲ? ನೀವು ಸನ್ನೆ ಮಾಡಿ, ನಮಗೆ ಕೇಳಿಸುತ್ತೆ.

ಇಡೀ ಪ್ರಕರಣದಲ್ಲಿ ಒಂದೇ ಒಂದು ದೃಶ್ಯ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಆ ಕಟ್ಟಡದಲ್ಲಿ ಅವತ್ತು ಕೇಳಿಸದೇ ಒದ್ದಾಡಿದವರು ಕಿವಿ ಇದ್ದವರು.

ಹುಡುಗರು ಯಾರು

ಮುಂದೆ ನಿಂತವರು ನಾಲ್ವರು: ಗ್ರೆಗ್ ಹ್ಲಿಬಾಕ್, ಜೆರ್ರಿ ಕೋವೆಲ್, ಬ್ರಿಜೆಟಾ ಬೋರ್ನ್, ಟಿಮ್ ರಾರಸ್. ನಾಲ್ವರಿಗೂ ಒಂದು ಸಮಾನ ವಿಷಯ ಇತ್ತು. ಅವರ ಅಪ್ಪ ಅಮ್ಮನೂ ಕಿವುಡರು.

ಇದು ಸಣ್ಣ ವಿಷಯ ಅಲ್ಲ. ಕಿವುಡ ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಮಕ್ಕಳು ಹುಟ್ಟುವುದು ಕೇಳುವ ಅಪ್ಪ ಅಮ್ಮನಿಗೆ. ಆ ಮನೆಯಲ್ಲಿ ಮಗು ಕಿವುಡು ಅಂತ ಗೊತ್ತಾದ ದಿನ ಅಳು, ಆಸ್ಪತ್ರೆ, ಓಡಾಟ. ಊಟಕ್ಕೆ ಕೂತಾಗ ಎಲ್ಲರೂ ನಗುತ್ತಾರೆ, ಏನಾಯ್ತು ಅಂತ ಮಗು ಕೇಳಿದರೆ 'ಏನಿಲ್ಲ, ಆಮೇಲೆ ಹೇಳ್ತೀನಿ' ಅಂತಾರೆ, ಆ ಆಮೇಲೆ ಬರುವುದೇ ಇಲ್ಲ. ಕಿವುಡ ಅಪ್ಪ ಅಮ್ಮನ ಮನೆಯಲ್ಲಿ ಹಾಗಲ್ಲ. ತೊಟ್ಟಿಲಲ್ಲಿದ್ದಾಗಿಂದ ಭಾಷೆ ಕಣ್ಣೆದುರು ಇರುತ್ತದೆ, ಜಗಳ, ತಮಾಷೆ, ಚಾಡಿ, ಎಲ್ಲವೂ ಅದರಲ್ಲೇ. ತನ್ನಲ್ಲಿ ಏನೋ ಕಮ್ಮಿ ಇದೆ ಅಂತ ಆ ಮಗುವಿಗೆ ಹೊರಗಿನವರು ಹೇಳಿದಾಗಲೇ ಗೊತ್ತಾಗೋದು, ಅಷ್ಟರಲ್ಲಿ ತಡವಾಗಿರುತ್ತದೆ, ಮಗು ನಂಬೋದಿಲ್ಲ. ಮಂಡಳಿಯ ಎದುರು ಕೂತಿದ್ದವರು ಅಂಥ ನಾಲ್ವರು.

ಬುಧವಾರ ರಾತ್ರಿ ಹ್ಲಿಬಾಕ್ ಟೆಡ್ ಕಾಪೆಲ್ ನಡೆಸುತ್ತಿದ್ದ 'ನೈಟ್‌ಲೈನ್' ಅನ್ನೋ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ಜೊತೆಗೆ ಹಿಂದಿನ ವರ್ಷವಷ್ಟೇ ಆಸ್ಕರ್ ಗೆದ್ದಿದ್ದ ಕಿವುಡ ನಟಿ ಮಾರ್ಲಿ ಮ್ಯಾಟ್ಲಿನ್, ಇನ್ನೊಂದು ಕಡೆ ಝಿನ್ಸರ್. ಸನ್ನೆ ಮಾಡುತ್ತಾ ಪಟಪಟ ಉತ್ತರ ಕೊಡುವ ವಿದ್ಯಾರ್ಥಿಯೊಬ್ಬನನ್ನು ಕೋಟಿಗಟ್ಟಲೆ ಜನ ತಮ್ಮ ಮನೆಯಲ್ಲಿ ಕೂತು ನೋಡಿದರು. ಕಿವುಡರು ತಯಾರಾಗಿಲ್ಲ ಅನ್ನೋ ಮಾತನ್ನು ಯಾರೇ ಹೇಳಿರಲಿ, ಅದು ಆ ಅರ್ಧ ಗಂಟೆಯಲ್ಲಿ ಸತ್ತಿತು.

ಎರಡು ತಿರುವು

ಐ. ಕಿಂಗ್ ಜಾರ್ಡನ್ ಅಂತಿಮ ಪಟ್ಟಿಯಲ್ಲಿದ್ದ ಇಬ್ಬರು ಕಿವುಡರಲ್ಲಿ ಒಬ್ಬರು, ಅಲ್ಲಿಯೇ ಡೀನ್. ಇನ್ನೊಬ್ಬರು ಲೂಯಿಸಿಯಾನಾದ ಕಿವುಡರ ಶಾಲೆಯ ಮುಖ್ಯಸ್ಥ ಹಾರ್ವೆ ಕಾರ್ಸನ್. ಜಾರ್ಡನ್ ಹುಟ್ಟು ಕಿವುಡರಲ್ಲ. 21ನೇ ವಯಸ್ಸಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಕೇಳುವುದು ಹೋಯಿತು. ಬಾಯಲ್ಲೂ ಸ್ಪಷ್ಟವಾಗಿ ಮಾತಾಡುತ್ತಿದ್ದರು. ಇವರು ಅರ್ಧ ಕೇಳುವವರ ಕಡೆಯವರೇ ಅಲ್ವಾ ಅಂತ ಗೊಣಗಿದವರೂ ಇದ್ದರು.

ಬುಧವಾರ ಜಾರ್ಡನ್ ಮಂಡಳಿಯ ತೀರ್ಮಾನಕ್ಕೆ ಬೆಂಬಲ ಅಂದರು. ಗುರುವಾರ ಅದನ್ನು ವಾಪಸ್ ತೆಗೆದುಕೊಂಡು ವಿದ್ಯಾರ್ಥಿಗಳ ಪಕ್ಕ ನಿಂತರು. ಕೆಲವರು ಇದನ್ನು ಅವಕಾಶವಾದ ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಡೀನ್ ಆಗಿ ಅವರು ಮಂಡಳಿಗೆ ಉತ್ತರ ಕೊಡಬೇಕಾದ ನೌಕರ. ಬುಧವಾರ ನೌಕರನ ಹಾಗೆ ನಡೆದುಕೊಂಡರು, ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ಅದೇ ಬುಧವಾರ ಅಧ್ಯಾಪಕರು ಸಭೆ ಸೇರಿ ಭಾರೀ ಬಹುಮತದಿಂದ ವಿದ್ಯಾರ್ಥಿಗಳ ಜೊತೆ ನಿಂತಿದ್ದರು, ಅದನ್ನೂ ಮರೆಯಬಾರದು.

ಎರಡನೇ ತಿರುವು ಝಿನ್ಸರ್ ಅವರದು. ಗುರುವಾರ ರಾತ್ರಿ ರಾಜೀನಾಮೆ. ಅವರ ಬಗ್ಗೆ ನನಗೆ ಸ್ವಲ್ಪ ಮರುಕ ಇದೆ. ನಾರ್ತ್ ಕೆರೊಲಿನಾದಲ್ಲಿ ಒಳ್ಳೆ ಹೆಸರು ಮಾಡಿದ್ದ ಆಡಳಿತಗಾರ್ತಿ, ಸನ್ನೆ ಭಾಷೆ ಕಲಿಯುತ್ತೇನೆ ಅಂತಲೂ ಹೇಳಿದ್ದರು. ಪೊಲೀಸರನ್ನು ಕರೆಸಿ ಗೇಟು ತೆಗೆಸಿ ಅಂತ ಪಟ್ಟು ಹಿಡಿದು ಕೂತಿದ್ದರೆ ಕಥೆ ಕೆಟ್ಟದಾಗಿ ಮುಗಿಯುತ್ತಿತ್ತು. ಇದು ತನ್ನ ಮೇಲಿನ ಸಿಟ್ಟಲ್ಲ, ಕಿವುಡರ ದೊಡ್ಡ ಚಳವಳಿ ಅಂತ ಅರ್ಥ ಮಾಡಿಕೊಂಡು ಪಕ್ಕಕ್ಕೆ ಸರಿದರು. ಮುಂದಿನ ವರ್ಷ ಐಡಹೋ ವಿಶ್ವವಿದ್ಯಾಲಯದ ಅಧ್ಯಕ್ಷೆ ಆದರು.

ಬೇರೆ ಕಡೆ ಆಗಿದ್ದರೆ ಹೋರಾಟ ಇಲ್ಲಿಗೆ ಮುಗಿಯುತ್ತಿತ್ತು. ಝಿನ್ಸರ್ ಹೋದರು, ಗೆದ್ದೆವು, ಮನೆಗೆ ಹೋಗೋಣ. ಶುಕ್ರವಾರ ಬೆಳಗ್ಗೆ ವಿದ್ಯಾರ್ಥಿಗಳ ಎದೆ ಮೇಲೆ ಹೊಸ ಬಿಲ್ಲೆ ಇತ್ತು. ಅದರಲ್ಲಿ ಬರೆದಿದ್ದದ್ದು 3½, ಅಷ್ಟೇ. ನಾಲ್ಕು ಬೇಡಿಕೆಯಲ್ಲಿ ಅರ್ಧ ಮಾತ್ರ ಈಡೇರಿದೆ, ಮೂರೂವರೆ ಬಾಕಿ ಅಂತ. ಝಿನ್ಸರ್ ಹೋದದ್ದು ಮೊದಲ ಬೇಡಿಕೆಯ ಅರ್ಧ ಭಾಗ, ಕಿವುಡ ಅಧ್ಯಕ್ಷರು ಬಂದರೆ ಇನ್ನರ್ಧ. ಎಣಿಸಬಹುದಾದ ಬೇಡಿಕೆ ಇಟ್ಟುಕೊಂಡದ್ದರ ಲಾಭ ಇದು. ಖುಷಿಯಲ್ಲಿ ಲೆಕ್ಕ ತಪ್ಪಲಿಲ್ಲ.

ಅವತ್ತೇ ಸುಮಾರು 2,500 ಜನ ಸಂಸತ್ ಭವನ ಕ್ಯಾಪಿಟಲ್‌ವರೆಗೆ ಮೆರವಣಿಗೆ ಹೋದರು. ಅಲ್ಲಿಗೇ ಹೋದದ್ದಕ್ಕೆ ಕಾರಣ ಇತ್ತು, ಗ್ಯಾಲಡೆಟ್‌ನ ಖರ್ಚಿನ ದೊಡ್ಡ ಪಾಲು ಬರುವುದೇ ಕೇಂದ್ರ ಸರ್ಕಾರದ ಹಣದಿಂದ. ಮುಂದೆ ಹಿಡಿದಿದ್ದ ಬ್ಯಾನರಿನಲ್ಲಿ 'ನಮಗೆ ಇನ್ನೂ ಒಂದು ಕನಸಿದೆ' ಅಂತ ಇತ್ತು. ಅದು ಎರವಲು ತಂದದ್ದು. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟುಹಬ್ಬಕ್ಕೆ ರಾಷ್ಟ್ರೀಯ ರಜೆ ಕೊಡಿ ಅನ್ನೋ ಚಳವಳಿಯಲ್ಲಿ ಬಳಸಿದ್ದ ಬ್ಯಾನರ್.

ಆ ಬ್ಯಾನರಿನ ಹಿಂದೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಈ ಪ್ರಕರಣವನ್ನು ಹೇಳುವವರು ಈ ಜಾಗದಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕರಪತ್ರದಲ್ಲಿ ಹೋವರ್ಡ್‌ನ ಉದಾಹರಣೆ, ಮೆರವಣಿಗೆಯಲ್ಲಿ ಕಿಂಗ್ ಬ್ಯಾನರ್. ಕಪ್ಪು ಜನರ ಹೋರಾಟದಿಂದ ಇಷ್ಟು ಪಡೆದ ಗ್ಯಾಲಡೆಟ್‌ನ ಅದೇ ಆವರಣದಲ್ಲಿ ಕೆಂಡಾಲ್ ಅನ್ನೋ ಶಾಲೆ ಇದೆ, ಚಿಕ್ಕ ಕಿವುಡ ಮಕ್ಕಳದು. 1950ರ ಸುಮಾರಿಗೆ ವಾಷಿಂಗ್ಟನ್‌ನ ಕಪ್ಪು ಕಿವುಡ ಮಕ್ಕಳಿಗೆ ಅಲ್ಲಿ ಜಾಗ ಇರಲಿಲ್ಲ, ಪಕ್ಕದ ಮೇರಿಲ್ಯಾಂಡ್ ರಾಜ್ಯಕ್ಕೆ ಕಳಿಸುತ್ತಿದ್ದರು. ಲೂಯಿಸ್ ಮಿಲ್ಲರ್ ಅನ್ನೋ ತಾಯಿ 1952ರಲ್ಲಿ ಕೋರ್ಟಿಗೆ ಹೋಗಿ ಗೆದ್ದರು. ಮಕ್ಕಳು ಬಂದರು, ಆದರೆ ಬಿಳಿ ಮಕ್ಕಳ ಜೊತೆ ಕೂರಿಸಲಿಲ್ಲ. ಬೇರೆ ವಿಭಾಗ, ಬೇರೆ ಕಟ್ಟಡ. ಅಲ್ಲಿ ಓದಿದ 24 ಮಕ್ಕಳಿಗೆ ಗ್ಯಾಲಡೆಟ್ 2023ರ ಜುಲೈನಲ್ಲಿ ಸಮಾರಂಭ ಮಾಡಿ ಗೌರವ ಸಲ್ಲಿಸಿತು. ಅಷ್ಟು ಹೊತ್ತಿಗೆ ಅವರಲ್ಲಿ ಬದುಕಿದ್ದವರು ಕೆಲವರೇ.

1988ರ ವಿದ್ಯಾರ್ಥಿಗಳು ಇದಕ್ಕೆ ಹೊಣೆ ಅಲ್ಲ. ಆದರೆ ಕಿವುಡರೆಲ್ಲ ಒಂದು ಅನ್ನೋ ಮಾತು ಮೆರವಣಿಗೆಯಲ್ಲಿ ಹೇಳುವಷ್ಟು ಸಲೀಸಾಗಿ ಕ್ಯಾಂಪಸ್ಸಿನ ಒಳಗೆ ಇರಲಿಲ್ಲ.

ಭಾನುವಾರ

ಮಾರ್ಚ್ 13ಕ್ಕೆ ಮಂಡಳಿ ಮತ್ತೆ ಸಭೆ ಸೇರಿತು. ಸ್ಪಿಲ್ಮನ್ ರಾಜೀನಾಮೆ ಕೊಟ್ಟರು. ಮಂಡಳಿಯ ಕಿವುಡ ಸದಸ್ಯರಲ್ಲಿ ಒಬ್ಬರಾದ ಫಿಲಿಪ್ ಬ್ರೇವಿನ್ ಮುಖ್ಯಸ್ಥರಾದರು. ಜಾರ್ಡನ್ ಅಧ್ಯಕ್ಷರಾದರು. 51ರ ಬಹುಮತಕ್ಕೆ ಒಂದು ಸಮಿತಿ ಮಾಡಿದರು, ಸೇಡು ಇಲ್ಲ ಅಂತ ಮಾತು ಕೊಟ್ಟರು. ಬ್ರೇವಿನ್ ಈ ಸುದ್ದಿಯನ್ನು ಹ್ಲಿಬಾಕ್‌ಗೆ ತಿಳಿಸಿದ್ದು ಟಿಟಿವೈ ಮೂಲಕ. ಟಿಟಿವೈ ಅಂದರೆ ಫೋನಿನ ರಿಸೀವರನ್ನು ಮೇಲಿಟ್ಟು ಟೈಪ್ ಮಾಡುವ ಯಂತ್ರ, ಆ ಕಡೆಯ ಯಂತ್ರದಲ್ಲಿ ಅಕ್ಷರ ಮೂಡುತ್ತದೆ. ಮಾಮೂಲಿ ಫೋನ್ ಲೈನಿನಲ್ಲೇ ಇದು ಆಗುವ ಹಾಗೆ 1964ರಲ್ಲಿ ಮಾಡಿದವರು ರಾಬರ್ಟ್ ವೈಟ್‌ಬ್ರೆಕ್ಟ್, ಅವರೂ ಕಿವುಡ ಭೌತವಿಜ್ಞಾನಿ. ಹಿಂದಿನ ಭಾನುವಾರ ಸುದ್ದಿ ಬಂದದ್ದು ಯಾರೋ ಕೊಟ್ಟು ಹೋದ ಹಾಳೆಯಲ್ಲಿ. ಈ ಭಾನುವಾರ ಬಂದದ್ದು ಒಬ್ಬ ಕಿವುಡನಿಂದ ಇನ್ನೊಬ್ಬ ಕಿವುಡನಿಗೆ, ಕಿವುಡನೇ ಮಾಡಿದ ಯಂತ್ರದಲ್ಲಿ.

ಕೇಳುವುದೊಂದು ಬಿಟ್ಟು ಕಿವುಡರು ಏನು ಬೇಕಾದರೂ ಮಾಡಬಲ್ಲರು ಅನ್ನೋ ಜಾರ್ಡನ್ ಅವರ ಮಾತು ಆಮೇಲೆ ಎಲ್ಲ ಕಡೆ ಹರಡಿತು. 1990ರಲ್ಲಿ ಅಂಗವಿಕಲರ ಹಕ್ಕಿಗಾಗಿ ಅಮೆರಿಕದಲ್ಲಿ ದೊಡ್ಡ ಕಾಯ್ದೆ ಬಂದಾಗ ಈ ವಾರದ ನೆನಪು ಇನ್ನೂ ಬಿಸಿ ಇತ್ತು. ಆ ಕಾಯ್ದೆಯನ್ನು ಸೆನೆಟ್‌ನಲ್ಲಿ ಮುನ್ನಡೆಸಿದ ಟಾಮ್ ಹಾರ್ಕಿನ್ ಅವರ ಅಣ್ಣ ಕಿವುಡರು, ಹಾರ್ಕಿನ್ ತಮ್ಮ ಭಾಷಣದ ಒಂದು ಭಾಗವನ್ನು ಸನ್ನೆಯಲ್ಲೇ ಮಾಡಿದರು.

ಜಾರ್ಡನ್ 2006ರವರೆಗೆ ಇದ್ದರು. ಆ ವರ್ಷ ಅವರ ನಂತರಕ್ಕೆ ಮಂಡಳಿ ಜೇನ್ ಫರ್ನಾಂಡಿಸ್ ಅವರನ್ನು ಆರಿಸಿತು. ಅವರು ಹುಟ್ಟಿನಿಂದ ಕಿವುಡರೇ, ಆದರೆ ಬಾಯಿ ಮಾತಿನಲ್ಲೇ ಬೆಳೆದು ಸನ್ನೆ ಭಾಷೆ ಕಲಿತದ್ದು ಇಪ್ಪತ್ತು ದಾಟಿದ ಮೇಲೆ. ಆಯ್ಕೆ ನಡೆದ ರೀತಿ, ಅವರ ಆಡಳಿತದ ರೀತಿ, ಎರಡಕ್ಕೂ ಆಕ್ಷೇಪ ಎದ್ದಿತು. ಗೇಟುಗಳು ಮತ್ತೆ ಬಂದ್. ಈ ಸಲ ಒಳಗಿನ ಕಚೇರಿಯಲ್ಲಿದ್ದವರು ಜಾರ್ಡನ್. 1988ರಲ್ಲಿ ಗೇಟು ಮುಚ್ಚಿದವರಿಂದಲೇ ಕುರ್ಚಿ ಪಡೆದವರು 2006ರ ಅಕ್ಟೋಬರ್‌ನಲ್ಲಿ ಗೇಟು ತೆರೆಸಲು ಪೊಲೀಸರನ್ನು ಕರೆಸಿದರು, ಒಂದೇ ರಾತ್ರಿ ನೂರಕ್ಕೂ ಜಾಸ್ತಿ ಜನರ ಬಂಧನ ಆಯಿತು. ಆ ತಿಂಗಳ ಕೊನೆಗೆ ಮಂಡಳಿ ಫರ್ನಾಂಡಿಸ್ ಅವರ ನೇಮಕವನ್ನು ವಾಪಸ್ ತೆಗೆದುಕೊಂಡಿತು. ಎರಡೂ ಕಡೆ ಕಿವುಡರೇ ಇದ್ದ ಈ ಜಗಳದಲ್ಲಿ ದುಭಾಷಿ ತಪ್ಪು ಹೇಳಿದ ಅಂತ ಯಾರೂ ಹೇಳುವ ಹಾಗಿರಲಿಲ್ಲ.

1988ರ ಆ ಪ್ರಕಟಣೆಯಲ್ಲಿ ಹೆಮ್ಮೆಯಿಂದ ಹೇಳಿದ್ದ 'ಮೊದಲ ಮಹಿಳಾ ಅಧ್ಯಕ್ಷೆ' ನಿಜವಾಗಿ ಆ ಕುರ್ಚಿಯಲ್ಲಿ ಕೂತು ಕೆಲಸ ಶುರು ಮಾಡಿದ್ದು 2016ರ ಜನವರಿಯಲ್ಲಿ. ಹೆಸರು ರೊಬರ್ಟಾ ಕೊರ್ಡಾನೊ. ಕಿವುಡ ಅಪ್ಪ ಅಮ್ಮನ ಕಿವುಡ ಮಗಳು.